ಇಪ್ಪತ್ತಾರು ಕೀಲಿನ ಖಳನಾಯಕ

ಮಂಚದ ಕೆಳಗೆ ಜಾರಿ ಹೋಗಿದ್ದ ಕಾಲುಚೀಲ ಎತ್ತಿಕೊಳ್ಳಲು ಬಗ್ಗಿದ ಕೀಲು ಡಾಕ್ಟರು ಮತ್ತೆ ಮೇಲೇಳಲಿಲ್ಲ. ಸೊಂಟದೊಳಗೆ ಎಲ್ಲೋ ‘ಚಳಕ್’ ಅಂದಿತು, ಅಷ್ಟೆ. ಅರ್ಧ ಮಡಚಿಟ್ಟ ಕುರ್ಚಿಯ ಹಾಗೆ ನಿಂತುಬಿಟ್ಟರು. ಕೋಣೆಗೆ ಬಂದ ಹೆಂಡತಿ, ಇವರು ಇನ್ನೂ ಹುಡುಕುತ್ತಲೇ ಇದ್ದಾರೆಂದು ತಿಳಿದು, ಕಾಲುಚೀಲ ಮೂಗಿನ ಕೆಳಗೇ ಬಿದ್ದಿದೆಯಲ್ಲ, ಕಣ್ಣಿಗೇನಾದರೂ ಆಯಿತೇ ಎಂದು ಕೇಳಿದರು.

“ಕಣ್ಣಿಗಲ್ಲ ಕಣೇ,” ಎಂದರು ಡಾಕ್ಟರು ನೆಲವನ್ನೇ ನೋಡುತ್ತ. “ಸೊಂಟಕ್ಕೆ.”

ಹೆಂಡತಿಗೆ ನಗು ಬಂತು. ಆಮೇಲೆ ಗಂಡನ ಮುಖ ನೋಡಲು ತಾವೂ ಬಗ್ಗಿದರು. ನೋಡಿದ ಮೇಲೆ ನಗು ನಿಂತಿತು.

ಬೇರೆ ಯಾರ ಸೊಂಟ ಹಿಡಿದುಕೊಂಡರೂ ಅದು ಬರೀ ನೋವು. ಇವರದು ಮರ್ಯಾದೆಯ ಪ್ರಶ್ನೆ. ಬೀದಿಯ ಕೊನೆಯಲ್ಲಿರುವ ಫಿಸಿಯೋಥೆರಪಿ ಕ್ಲಿನಿಕ್ ಇವರದೇ. ಹದಿನಾಲ್ಕು ವರ್ಷದಿಂದ ಸುತ್ತಮುತ್ತಲಿನ ಕತ್ತು, ಭುಜ, ಸೊಂಟ, ಮಂಡಿಗಳನ್ನೆಲ್ಲ ಎಳೆದು, ಒತ್ತಿ, ಬಗ್ಗಿಸಿ, ಬೈದು ದಾರಿಗೆ ತಂದವರು. ಫಿಸಿಯೋಥೆರಪಿಸ್ಟ್ ಎನ್ನಲು ನಾಲಿಗೆ ತೊಡರಿದವರೆಲ್ಲ ಸೇರಿ ಕೀಲು ಡಾಕ್ಟ್ರು ಎಂದು ಕರೆದು ಅದೇ ಹೆಸರು ನಿಂತಿತ್ತು. ಅಂಥವರ ಸೊಂಟವೇ ಕೈಕೊಟ್ಟಿದೆ ಎಂದು ಬೀದಿಗೆ ಗೊತ್ತಾದರೆ ಕ್ಲಿನಿಕ್ಕಿನ ಬಾಗಿಲನ್ನು ಗಾಳಿ ಮಾತ್ರ ತಳ್ಳಬೇಕಾಗುತ್ತಿತ್ತು.

ಅದರಲ್ಲೂ ಇವತ್ತೇ ಆಗಬೇಕೇ. ಸಂಜೆ ಐದಕ್ಕೆ ನಿವೃತ್ತರ ಸಂಘದ ಅಧ್ಯಕ್ಷೆ ಬರುವವರಿದ್ದರು. ಸಂಘದ ನಲವತ್ತು ಮಂದಿಗೆ ವಾರಕ್ಕೆ ಮೂರು ಬೆಳಿಗ್ಗೆ, ವರ್ಷಪೂರ್ತಿ, ವ್ಯಾಯಾಮ ಕಲಿಸಲು ಒಬ್ಬರು ಬೇಕಾಗಿತ್ತು. ಕ್ಲಿನಿಕ್ಕಿನ ಎದುರು ಹೊಸ ಜಿಮ್ ತೆರೆದ ಮೇಲೆ ಡಾಕ್ಟರ ಬಳಿ ಬರುವ ಕೀಲುಗಳು ಅರ್ಧಕ್ಕರ್ಧ ಇಳಿದಿದ್ದವು; ಈ ಸಂಘವೊಂದು ಸಿಕ್ಕರೆ ಉಸಿರು ಬಿಡಬಹುದಿತ್ತು. ಅಧ್ಯಕ್ಷೆ ಕೆಲಸದಲ್ಲಿದ್ದಾಗ ಪರೀಕ್ಷಾ ಮೇಲ್ವಿಚಾರಕಿಯಾಗಿದ್ದವರು. ಬಾಯಲ್ಲಿ ಹೇಳುವುದು ಬೇಡ, ಹದಿಮೂರು ವ್ಯಾಯಾಮ ಮಾಡಿ ತೋರಿಸಬೇಕು, ನಾಳೆ ಜಿಮ್ಮಿನವರನ್ನೂ ನೋಡುತ್ತೇನೆ ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಡಾಕ್ಟರಿಗೆ ಈಗ ಹದಿಮೂರು ಹೋಗಲಿ, ತಲೆಯಾಡಿಸುವುದೊಂದನ್ನು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ.

ಹೆಂಡತಿ ಅವರನ್ನು ಗೋಡೆಗೆ ಒರಗಿಸಿ, ಸ್ವಲ್ಪಸ್ವಲ್ಪವಾಗಿ ನೆಟ್ಟಗೆ ಮಾಡಿ, ಶರ್ಟಿನೊಳಗೆ ಸೊಂಟಪಟ್ಟಿ ಬಿಗಿದರು. ಬಿಗಿಯುತ್ತಲೇ ಒಂದು ಉಪಾಯವನ್ನೂ ಕೊಟ್ಟರು. ಚಿತ್ರ ಬರೆಯುವವರು ಎದುರಿಗೆ ಇಟ್ಟುಕೊಳ್ಳುವ ಕೈಕಾಲಾಡುವ ಮರದ ಗೊಂಬೆ ಇರುತ್ತದಲ್ಲ, ಅಂಥದ್ದನ್ನು ತಂದು ಅದರ ಕೈಯಲ್ಲಿ ಮಾಡಿಸಿ ತೋರಿಸಿದರಾಯಿತು.

ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಮರದ ಗೊಂಬೆಯ ಬೆಲೆ ಕೇಳಿ ಡಾಕ್ಟರಿಗೆ ಸೊಂಟದ ನೋವು ಎರಡು ನಿಮಿಷ ಮರೆತೇ ಹೋಯಿತು. ಅಷ್ಟು ಕೊಟ್ಟರೂ ಅದಕ್ಕೆ ಪಾದ ಆಡುತ್ತಿರಲಿಲ್ಲ. ಪಕ್ಕದ ಆಟಿಕೆ ಅಂಗಡಿಗೆ ಹೊಕ್ಕರು. ಅಂಗಡಿಯವರು ಒಂದು ಹಳೆಯ ಹಿಟ್ ಸಿನಿಮಾದ ಎರಡು ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿದರು. ಒಂದು ನಾಯಕನದು, ಎದೆಯುಬ್ಬಿಸಿ ನಿಂತಿತ್ತು, ಬೆಲೆಯೂ ಎದೆಯಷ್ಟೇ ಉಬ್ಬಿತ್ತು, ಆಡುತ್ತಿದ್ದುದು ಮಾತ್ರ ಐದೇ ಕೀಲು. ಇನ್ನೊಂದು ಅದೇ ಸಿನಿಮಾದ ಖಳನಾಯಕ ಗಂಧಕಾಸುರ. ಬೋಳುತಲೆ, ಒಂದು ಕಣ್ಣಿಗೆ ಕಪ್ಪು ಪಟ್ಟಿ, ಹಳದಿ ನಿಲುವಂಗಿ, ಮುಖದಲ್ಲಿ ಊರಿಗೇ ಬೆಂಕಿಯಿಡುವ ನಗು. ಬೆಲೆ ನಾಯಕನದರಲ್ಲಿ ಕಾಲು ಭಾಗ. ಕೀಲು ಇಪ್ಪತ್ತಾರು.

ಹೀಗೇಕೆ ಎಂದು ಡಾಕ್ಟರು ಕೇಳಿದರು.

“ಹೀರೋ ನಿಂತ್ಕೊಂಡ್ರೆ ಸಾಕು ಸಾರ್,” ಎಂದರು ಅಂಗಡಿಯವರು. “ಇವನು ಪಿಕ್ಚರ್ ಪೂರ್ತಿ ಒದೆ ತಿನ್ನಬೇಕು. ಎಲ್ಲಾ ಕಡೆ ಬಗ್ಗದೆ ಇದ್ರೆ ಹೇಗೆ?”

ಈ ತರ್ಕದಲ್ಲಿ ಡಾಕ್ಟರಿಗೆ ತಪ್ಪು ಕಾಣಲಿಲ್ಲ. ಆದರೂ ಹದಿನಾಲ್ಕು ವರ್ಷದ ಅಭ್ಯಾಸ. ಜೇಬಿನಿಂದ ಕೋನಮಾಪಕ ತೆಗೆದು ಗಂಧಕಾಸುರನನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಕತ್ತು ಎರಡೂ ಬದಿಗೆ ಸಲೀಸಾಗಿ ತಿರುಗಿತು. ಮೊಣಕೈಗೆ ಜೋಡಿ ಕೀಲು, ಬೆರಳು ಭುಜ ಮುಟ್ಟುವಷ್ಟು ಮಡಚಿತು. ಮಂಡಿ ನೂರಮೂವತ್ತು ಡಿಗ್ರಿ. ಆಮೇಲೆ ಸೊಂಟ. ಮುಂದೆ, ಹಿಂದೆ, ಪಕ್ಕಕ್ಕೆ, ಸುತ್ತ, ಹೇಗೆ ತಿರುಗಿಸಿದರೂ ಬೆಣ್ಣೆಯಂತೆ ತಿರುಗುವ ಆ ಸೊಂಟವನ್ನು ನೋಡಿ ಅವರಿಗೆ ಹೊಟ್ಟೆಕಿಚ್ಚಾಯಿತು. ಕೊರತೆಗಳೂ ಇದ್ದವು. ಎಡ ಪಾದ ಸಡಿಲ, ಒಂಟಿ ಕಾಲಲ್ಲಿ ನಿಲ್ಲಿಸಿದರೆ ಕುಡಿದವನ ಹಾಗೆ ವಾಲುತ್ತಿತ್ತು. ಬಲಗೈ ಚೂರಿ ಹಿಡಿಯಲೆಂದೇ ಮುಷ್ಟಿ ಕಟ್ಟಿತ್ತು, ಬಿಚ್ಚುತ್ತಿರಲಿಲ್ಲ. ಭುಜ ಸ್ವಲ್ಪ ಬಿಗಿ.

ನೋಡುತ್ತ ನಿಂತಿದ್ದ ಅಂಗಡಿಯವರಿಗೆ ತಾಳ್ಮೆ ತಪ್ಪಿತು. “ಗೊಂಬೆ ತಗೊಳ್ತಿದೀರೋ, ಪೊಲೀಸ್ ಕೆಲಸಕ್ಕೆ ಆಳು ಆರಿಸ್ತಿದೀರೋ ಸಾರ್? ಡಬ್ಬಿ ತೆಗೆದಾಯ್ತು. ಇನ್ನು ವಾಪಸ್ ಇಲ್ಲ.”

ಡಾಕ್ಟರು ಗಂಧಕಾಸುರನನ್ನು ಅವನ ಚೂರಿ, ವಿಷದ ಸೀಸೆಗಳ ಸಮೇತ ಕೊಂಡು, ಕೋಲು ನುಂಗಿದವರಂತೆ ನೆಟ್ಟಗೆ ನಡೆಯುತ್ತ ಕ್ಲಿನಿಕ್ಕಿಗೆ ಬಂದರು.

ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಹುಡುಗಿ ಬಹಳ ಚುರುಕು. ಎಷ್ಟು ಚುರುಕೆಂದರೆ ರೋಗಿಗಳ ಹೆಸರು ನೆನಪಿಡುವ ಗೋಜಿಗೇ ಹೋಗದೆ, ನೋಯುವ ಭಾಗದಿಂದಲೇ ಎಲ್ಲರನ್ನೂ ಗುರುತಿಸುತ್ತಿದ್ದಳು. ಎಡ ಮಂಡಿಯವರು ಬಂದರು, ಬಲ ಭುಜದವರು ಕಾಯುತ್ತಿದ್ದಾರೆ, ಹೀಗೆ. ಡಾಕ್ಟರ ನಡಿಗೆ ನೋಡಿದವಳೇ ವಿಷಯ ತಿಳಿದುಕೊಂಡಳು. ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡು ಡಾಕ್ಟರು ಡಬ್ಬಿ ಕೊಟ್ಟರು. ಅವಳು ಗಂಧಕಾಸುರನನ್ನು ಹೊರತೆಗೆದು, ಗಾಳಿಗೆ ನಿಲುವಂಗಿ ಹಾರುವ ಹಾಗೆ ಫ್ಯಾನಿನ ಕೆಳಗೆ ನಿಲ್ಲಿಸಿ, ಈ ಸಿನಿಮಾ ತಾನು ನಾಲ್ಕು ಸಲ ನೋಡಿದ್ದೇನೆ ಎಂದಳು.

ಅದೇ ಸಿನಿಮಾವನ್ನು ಎಡ ಮಂಡಿಯವರೂ ನೋಡಿದ್ದರು. ಇವರು ಎಪ್ಪತ್ತು ದಾಟಿದ ಅಜ್ಜಿ. ಹತ್ತು ಗಂಟೆಗೆ ಸರಿಯಾಗಿ ಬರುವವರು. ಒಳಗೆ ಕಾಲಿಟ್ಟು, ಚಿಕಿತ್ಸೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ನಿಂತ ಗಂಧಕಾಸುರನನ್ನು ನೋಡಿ ಅಲ್ಲೇ ನಿಂತರು.

“ಈ ಪಾಪಿಗೆ ಇಲ್ಲೇನು ಕೆಲಸ?”

ಇನ್ನು ಮೇಲೆ ವ್ಯಾಯಾಮ ಈ ಗೊಂಬೆಯಲ್ಲಿ ತೋರಿಸುತ್ತೇನೆ, ಹೊಸ ಪದ್ಧತಿ, ನೋಡಿಕೊಂಡು ಮಾಡಿದರಾಯಿತು ಎಂದು ಡಾಕ್ಟರು ವಿವರಿಸಿದರು. ಅಜ್ಜಿ ಮಂಚ ಹತ್ತಲಿಲ್ಲ. ನಾಯಕನ ತಾಯಿಯನ್ನು ಮೆಟ್ಟಿಲ ಮೇಲಿಂದ ತಳ್ಳಿದವನು ಇವನು, ಇವನಿಂದ ಕಲಿತು ನನ್ನ ಮಂಡಿ ವಾಸಿಯಾಗುವುದಾದರೆ ಅಂಥ ಮಂಡಿ ನನಗೆ ಬೇಡವೇ ಬೇಡ ಎಂದರು. ಅದು ಸಿನಿಮಾ ಎಂದು ಡಾಕ್ಟರು ಹೇಳಿದರು. ತಾಯಿ ಯಾವುದರಲ್ಲಿದ್ದರೂ ತಾಯಿಯೇ ಎಂದು ಅಜ್ಜಿ ಹೇಳಿದರು. ಡಾಕ್ಟರು ಚೂರಿ ಕಸಿದುಕೊಂಡರು, ವಿಷದ ಸೀಸೆ ಡ್ರಾಯರಿಗೆ ಹಾಕಿದರು. ಅಜ್ಜಿ ಕರಗಲಿಲ್ಲ.

ಆಗ ರಿಸೆಪ್ಷನಿಸ್ಟ್ ಒಂದು ಗೇಣು ಬ್ಯಾಂಡೇಜು ಕತ್ತರಿಸಿ ತಂದು, ಗಂಧಕಾಸುರನ ನಿಲುವಂಗಿ ಬಿಚ್ಚಿ, ತಲೆಗೊಂದು ಸುತ್ತು, ಎದೆಗೆರಡು ಸುತ್ತು, ಮಂಡಿಗೊಂದು ಸುತ್ತು ಸುತ್ತಿ ಮತ್ತೆ ಸ್ಟೂಲಿನ ಮೇಲೆ ಕೂರಿಸಿದಳು. ಅಜ್ಜಿ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಅಯ್ಯೋ, ಪಾಪ,” ಎಂದರು. “ಇಷ್ಟು ಪೆಟ್ಟಾಗಿದೆಯಾ ಇವನಿಗೆ?” ಮಂಚ ಹತ್ತಿ ಮಲಗಿದರು.

ಡಾಕ್ಟರಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅದಕ್ಕೂ ಸೊಂಟ ಬಿಡಲಿಲ್ಲ.

ಅಜ್ಜಿ ಗಂಧಕಾಸುರನನ್ನು ನೋಡಿಕೊಂಡು ಕಾಲೆತ್ತಿ ಇಳಿಸುತ್ತಿದ್ದಾಗ ಬಲ ಭುಜದವರು ಬಂದರು. ಅವರು ನಿವೃತ್ತ ಗಣಿತದ ಮೇಷ್ಟ್ರು. ಎರಡು ತಿಂಗಳಿಂದ ಕೈ ನೂರು ಡಿಗ್ರಿಗಿಂತ ಮೇಲೆ ಏಳದೆ, ಇನ್ನೂ ಎರಡು ತಿಂಗಳು ಬರಬೇಕೆಂಬ ಡಾಕ್ಟರ ಮಾತಿಗೆ ದಿನಾ ಸಾಕ್ಷಿ ಕೇಳುತ್ತಿದ್ದವರು. ಗೊಂಬೆಯನ್ನು ಕಂಡೊಡನೆ ಕೋನಮಾಪಕ ಕೇಳಿ ತೆಗೆದುಕೊಂಡು ಅದರ ಭುಜ ಅಳೆದರು. ಮತ್ತೊಮ್ಮೆ ಅಳೆದರು. ಮುಖ ಅರಳಿತು.

“ತೊಂಬತ್ತೈದು,” ಎಂದರು. “ಡಬ್ಬಿಯಿಂದ ಈಗಷ್ಟೇ ತೆಗೆದ ಹೊಸ ಭುಜ ತೊಂಬತ್ತೈದು. ನನ್ನದು ಅರವತ್ತೆರಡು ವರ್ಷ ಉಪಯೋಗಿಸಿದ್ದು, ನೂರು. ಅಂದ ಮೇಲೆ ನನಗೆ ಏನಾಗಿದೆ ಡಾಕ್ಟ್ರೇ?”

ಗೊಂಬೆಯ ಭುಜವೇ ಬೇರೆ, ಮನುಷ್ಯರ ಭುಜವೇ ಬೇರೆ ಎಂದು ಡಾಕ್ಟರು ಹೇಳಿದರು. ಹಾಗಾದರೆ ಗೊಂಬೆಯನ್ನು ನೋಡಿ ಕಲಿಯುವುದೇನು ಎಂದು ಮೇಷ್ಟ್ರು ಕೇಳಿದರು. ಡಾಕ್ಟರಿಗೆ ರೇಗಿತು. ಬಿಗಿಯಾಗಿದೆ ಅಷ್ಟೆ, ನೂರ ಎಂಬತ್ತಕ್ಕೂ ಹೋಗುತ್ತದೆ, ನೋಡಿ ಎಂದು ಗಂಧಕಾಸುರನನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಅವನ ತೋಳನ್ನು ಮೇಲಕ್ಕೆತ್ತಿದರು. ತೋಳು ನೂರಕ್ಕೆ ಬಂತು. ನೂರ ಹತ್ತಕ್ಕೆ ಬಂತು. ನೂರ ಇಪ್ಪತ್ತಕ್ಕೆ ‘ಟಕ್’ ಎಂದು ಕಿತ್ತು ಡಾಕ್ಟರ ಕೈಗೇ ಬಂತು.

ಮೇಷ್ಟ್ರು ಮೆಲ್ಲಗೆ ತಮ್ಮ ಬಲ ಭುಜವನ್ನು ಎಡಗೈಯಿಂದ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ತಮಗೆ ಈಗ ಪೂರ್ತಿ ವಾಸಿಯಾಗಿದೆ ಎಂದು ಹೇಳಿ ಹೋಗಿಬಿಟ್ಟರು. ಅಜ್ಜಿ ಒಂದು ಸಲ ಆ ತೋಳನ್ನು, ಒಂದು ಸಲ ತಮ್ಮ ಮಂಡಿಯನ್ನು ನೋಡಿದರು. ತಿಂಗಳಿಂದ ಹಿಡಿದುಕೊಂಡೇ ಇಳಿಯುತ್ತಿದ್ದವರು ಮಂಚದಿಂದ ತಾವಾಗೇ ಇಳಿದು, ನಾಳೆ ಬರ್ತೀನಪ್ಪಾ ಎಂದು ಚಪ್ಪಲಿ ಮೆಟ್ಟಿಕೊಂಡರು.

ಬೀದಿಯಲ್ಲಿ ಸುದ್ದಿಗೆ ಡಾಕ್ಟರಿಗಿಂತ ಒಳ್ಳೆಯ ಸೊಂಟವಿತ್ತು. ಬೇಕಾದ ಕಡೆಗೆಲ್ಲ ತಿರುಗಿತು. ಕೀಲು ಡಾಕ್ಟರು ಕೈ ಕಿತ್ತರಂತೆ ಎಂಬುದು ಮೊದಲ ಅಂಗಡಿಯವರೆಗೆ ಗೊಂಬೆಯ ಕೈಯಾಗಿಯೇ ಇತ್ತು. ಎರಡನೆಯದರ ಹೊತ್ತಿಗೆ ಗೊಂಬೆ ಬಿದ್ದುಹೋಗಿತ್ತು. ಪಕ್ಕದ ಕನ್ನಡಕದ ಅಂಗಡಿಯವರು ಸುಮ್ಮನೆ ಬಂದವರಂತೆ ಬಂದು, ರಿಸೆಪ್ಷನಿಸ್ಟ್ ಹುಡುಗಿಯ ಎರಡೂ ಕೈ ಇರುವುದನ್ನು ನೋಡಿಕೊಂಡು ಹೋದರು. ಹನ್ನೊಂದೂವರೆಯ ಕತ್ತಿನವರು ಫೋನು ಮಾಡಿ ಬರುವುದಿಲ್ಲ ಎಂದರು. ಅವರ ಹಿಂದೆಯೇ ಹೆಂಡತಿಯ ಫೋನು.

“ಯಾರದ್ರೀ ಕೈ ಅದು?” ಎಂದು ಅವರು ಪಿಸುಗುಟ್ಟಿದರು. “ನಮ್ಮ ಆಫೀಸಿನವರೆಲ್ಲ ಕೇಳ್ತಿದಾರೆ.”

ಗಂಧಕಾಸುರನದು ಎಂದರು ಡಾಕ್ಟರು. ಸೊಂಟದ ನೋವು ತಲೆಗೂ ಏರುತ್ತದೆಯೇ ಎಂದು ಹೆಂಡತಿ ಕೇಳಿದರು.

ಡಾಕ್ಟರು ಫೋನಿಟ್ಟು, ಬೋರಲು ಮಲಗಿದರೆ ಮತ್ತೆ ಏಳಲಾಗುವುದಿಲ್ಲವೆಂದು ಮಂಚದ ಮೇಲೆ ಅಂಗಾತ ಮಲಗಿ, ಸಂಘಕ್ಕೆ ಫೋನು ಮಾಡಿ ಬರಬೇಡಿ ಎಂದುಬಿಡಲೇ ಎಂದು ಯೋಚಿಸಿದರು. ಹಾಗೆಂದರೆ ನಾಳೆ ಜಿಮ್ಮಿನವನು ರಬ್ಬರಿನಂತೆ ಬಗ್ಗಿ ತೋರಿಸುತ್ತಾನೆ. ಸೂರಿನತ್ತ ನೋಡುತ್ತ ಅವನಿಗೂ, ಸಂಘಕ್ಕೂ, ಕಾಲುಚೀಲ ಕಂಡುಹಿಡಿದವನಿಗೂ ಮನಸ್ಸಿನಲ್ಲೇ ಶಾಪ ಹಾಕಿದರು.

ರಿಸೆಪ್ಷನಿಸ್ಟ್ ಮಾತ್ರ ಸುಮ್ಮನೆ ಕೂರಲಿಲ್ಲ. ಶಾಖ ಕೊಡುವ ಪ್ಯಾಕುಗಳನ್ನು ಕಾಯಿಸುವ ಸ್ಟೀಲಿನ ತೊಟ್ಟಿ ಮೂಲೆಯಲ್ಲಿತ್ತು. ಗಂಧಕಾಸುರನ ಬ್ಯಾಂಡೇಜು ಬಿಚ್ಚಿ, ಕಾಲು ಹಿಡಿದು, ಆ ಬಿಸಿನೀರಿಗೆ ಎದೆಯವರೆಗೆ ತಲೆಕೆಳಗಾಗಿ ಅದ್ದಿದಳು. ಎರಡು ನಿಮಿಷಕ್ಕೆ ಪ್ಲಾಸ್ಟಿಕ್ ಮೆತ್ತಗಾಯಿತು. ತೋಳನ್ನು ಗುಳಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು, ಚಕ್ಕನೆ ಕೂತಿತು. ಬಿಸಿಗೆ ಭುಜದ ಬಿಗಿಯೂ ಬಿಟ್ಟು ಕೈ ಕಿವಿಯ ಪಕ್ಕಕ್ಕೆ ಏರಿತು. ಸಡಿಲವಾಗಿದ್ದ ಪಾದಕ್ಕೆ ತನ್ನ ಚೀಲದಿಂದ ಬಣ್ಣವಿಲ್ಲದ ನೇಲ್ ಪಾಲಿಶ್ ತೆಗೆದು ಕೀಲಿನ ಸಂದಿಗೆ ಒಂದು ಹನಿ ಬಿಟ್ಟು ಊದಿದಳು. ಒಣಗಿದ ಮೇಲೆ ಗಂಧಕಾಸುರ ಒಂಟಿ ಕಾಲಲ್ಲಿ ಕಂಬದಂತೆ ನಿಂತ. ತಮ್ಮನ ಗೊಂಬೆಗಳಿಗೆಲ್ಲ ತಾನೇ ಡಾಕ್ಟರು ಎಂದು ಅವಳು ಹೇಳಿದಳು. ಕೀಲು ಡಾಕ್ಟರಿಗೆ ಇದರಿಂದ ಸಂತೋಷವಾಯಿತೋ ಅವಮಾನವಾಯಿತೋ ಅವರಿಗೇ ತಿಳಿಯಲಿಲ್ಲ.

ಮಧ್ಯಾಹ್ನವೆಲ್ಲ ತಾಲೀಮು ನಡೆಯಿತು. ರೋಗಿಗಳ ಕಾಟವಿರಲಿಲ್ಲ, ಯಾರೂ ಬರಲಿಲ್ಲ. ಡಾಕ್ಟರು ಸೊಂಟದ ಕೆಳಗೆ ಬಿಸಿ ಪ್ಯಾಕು ಇಟ್ಟುಕೊಂಡು ಮಲಗಿದಲ್ಲಿಂದಲೇ ಹೇಳುವುದು, ಅವಳು ಗೊಂಬೆಯನ್ನು ಬಗ್ಗಿಸುವುದು. ಮಂಡಿ ಪಾದದ ಬೆರಳಿಗಿಂತ ಮುಂದೆ ಹೋಗಬಾರದು ಎಂದರು. ಬೆನ್ನು ಸೆಟೆದಿರಬೇಕು, ಗೂನಾಗಬಾರದು ಎಂದರು. ಗೊಂಬೆಗೆ ಹೇಗೆ ಹಿಡಿಸಬೇಕೆಂದು ತಿಳಿಯದಾಗ ಅವಳು ಮೊದಲು ತಾನೇ ಮಾಡಿ ನೋಡುತ್ತಿದ್ದಳು. ಡಾಕ್ಟರು ಮಲಗಿದಲ್ಲಿಂದಲೇ ತಿದ್ದುತ್ತಿದ್ದರು. ನಾಲ್ಕೂವರೆಗೆ ಹದಿಮೂರೂ ಕರಗತವಾದವು. ಡಾಕ್ಟರು ಎದ್ದು, ಸೊಂಟಪಟ್ಟಿ ಇನ್ನೊಂದು ತೂತು ಬಿಗಿಯಾಗಿಸಿ, ಬಿಳಿ ಕೋಟು ತೊಟ್ಟು, ಗೋಡೆಗೆ ಆತು ನಿಂತರು.

ಐದಕ್ಕೆ ಒಂದು ನಿಮಿಷವಿರುವಾಗ ಅಧ್ಯಕ್ಷೆ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಪೆನ್ನು, ಯಾರೋ ನಕಲು ಹೊಡೆಯುತ್ತಿದ್ದಾರೆ ಎಂಬಂಥ ದೃಷ್ಟಿ. ಡಾಕ್ಟರು ಹೊಸ ಪದ್ಧತಿಯ ಬಗ್ಗೆ ಎರಡು ಮಾತಾಡಿದರು. ನಾನು ಬಗ್ಗಿ ತೋರಿಸಿದರೆ ನಾನು ಬಗ್ಗುತ್ತೇನೆ ಎಂದಷ್ಟೇ ಗೊತ್ತಾಗುತ್ತದೆ, ಗೊಂಬೆಯನ್ನಾದರೆ ನಿಲ್ಲಿಸಿ, ತಿರುಗಿಸಿ, ಎಲ್ಲ ಬದಿಯಿಂದಲೂ ನೋಡಬಹುದು ಎಂದರು. ಅವರಿಗೇ ಈ ಮಾತು ಎಷ್ಟು ಹಿಡಿಸಿತೆಂದರೆ ಬೆಳಿಗ್ಗೆಯಿಂದ ಮೊದಲ ಸಲ ಮುಗುಳ್ನಕ್ಕರು. ಆಮೇಲೆ ರಿಸೆಪ್ಷನಿಸ್ಟ್ ಒಂದೊಂದಾಗಿ ಗೊಂಬೆಯಲ್ಲಿ ಮಾಡಿ ತೋರಿಸಿದಳು. ಡಾಕ್ಟರು ಗೋಡೆಯ ಬಳಿಯಿಂದ ಅಲುಗದೆ ವಿವರಣೆ ಕೊಟ್ಟರು. ಗಂಧಕಾಸುರ ಕತ್ತು ತಿರುಗಿಸಿದ, ತೋಳೆತ್ತಿದ, ಒಂಟಿ ಕಾಲಲ್ಲಿ ನಿಂತ, ಕುರ್ಚಿಯಿಂದ ಏಳುವುದು ಹೇಗೆಂದು ತೋರಿಸಿದ. ಅಧ್ಯಕ್ಷೆಯ ಬಿಗಿದ ತುಟಿ ಒಂಬತ್ತನೆಯದರ ಹೊತ್ತಿಗೆ ಸಡಿಲಿತು.

ಹತ್ತನೆಯದನ್ನು ಬರೆದುಕೊಳ್ಳುವಾಗ ಅವರ ಪೆನ್ನು ಜಾರಿ ನೆಲಕ್ಕೆ ಬಿದ್ದು ಉರುಳುತ್ತ ಬಂದು ಡಾಕ್ಟರ ಬೂಟಿಗೆ ತಾಕಿ ನಿಂತಿತು. ಡಾಕ್ಟರು ಪೆನ್ನನ್ನು ನೋಡಿದರು. ಅದು ಹತ್ತು ಮಾಳಿಗೆ ಕೆಳಗೆ ಬಿದ್ದಂತೆ ಕಂಡಿತು. ಹನ್ನೊಂದನೆಯ ವ್ಯಾಯಾಮವನ್ನು ಬೇಗಬೇಗ ವಿವರಿಸಲು ಶುರುಮಾಡಿದರು. ಅಧ್ಯಕ್ಷೆ ಕೈ ಕಟ್ಟಿಕೊಂಡು ಕಾಯುತ್ತಿದ್ದರು. ರಿಸೆಪ್ಷನಿಸ್ಟ್ ಬಂದು, ಒಂದು ಕಾಲು ಮುಂದಿಟ್ಟು, ಮಂಡಿ ಮಡಚಿ, ಬೆನ್ನು ಕಂಬದ ಹಾಗೆ ನೆಟ್ಟಗಿಟ್ಟು ಇಳಿದು, ಪೆನ್ನೆತ್ತಿ, ಹಾಗೇ ಎದ್ದು ಅವರ ಕೈಗೆ ಕೊಟ್ಟಳು.

ಹದಿಮೂರು ಮುಗಿದ ಮೇಲೆ ಅಧ್ಯಕ್ಷೆ ಫೈಲು ಮುಚ್ಚಿದರು. ಆಯ್ಕೆ ಮುಗಿಯಿತು, ಜಿಮ್ಮಿನವರನ್ನು ನೋಡುವ ಅಗತ್ಯ ಇಲ್ಲ ಎಂದರು. ಡಾಕ್ಟರಿಗೆ ಸೊಂಟವೇ ಹಗುರಾಯಿತು. ಸೋಮವಾರದಿಂದಲೇ ಬರುತ್ತೇನೆ, ಗೊಂಬೆಯನ್ನೂ ತರುತ್ತೇನೆ ಎಂದರು.

“ಗೊಂಬೆ ಬರಲಿ,” ಎಂದರು ಅಧ್ಯಕ್ಷೆ. “ಈ ಹುಡುಗಿಯೂ ಬರಲಿ. ನೀವು ಬೇಡ.”

ಡಾಕ್ಟರು ಬಾಯಿ ತೆರೆದರು.

“ನಾನು ಎಲ್ಲಿ ಹೋದ್ರೂ ಒಂದು ಸಲ ಪೆನ್ನು ಬೀಳಿಸ್ತೀನಿ,” ಎಂದು ಅಧ್ಯಕ್ಷೆ ಮುಂದುವರಿಸಿದರು. “ತೋರಿಸೋವಾಗ ಎಲ್ಲರೂ ಸರಿಯಾಗೇ ಬಗ್ತಾರೆ. ತೋರಿಸ್ತಿಲ್ಲ ಅಂದುಕೊಂಡಾಗ ಹೇಗೆ ಬಗ್ತಾರೆ ಅನ್ನೋದು ನನಗೆ ಬೇಕು. ಇವಳು ಪುಸ್ತಕದಲ್ಲಿದ್ದ ಹಾಗೆ ಬಗ್ಗಿದಳು. ನೀವು ನೋಡಿಕೊಂಡು ನಿಂತ್ರಿ. ನಮ್ಮ ಸಂಘದಲ್ಲಿ ಪೆನ್ನು ಬಿದ್ರೆ ನೋಡಿಕೊಂಡು ನಿಲ್ಲೋರು ಈಗಾಗ್ಲೇ ನಲವತ್ತು ಜನ ಇದಾರೆ.”

ಸೊಂಟ ಹಿಡಿದುಕೊಂಡಿದೆ ಎಂದು ಹೇಳಿದರೆ ಹುದ್ದೆ ಹೋಗುತ್ತದೆ, ಹೇಳದಿದ್ದರೆ ಸೋಮಾರಿ ಎಂಬ ಹೆಸರು ಬಂದು ಹೋಗುತ್ತದೆ. ಡಾಕ್ಟರು ರಿಸೆಪ್ಷನಿಸ್ಟ್ ಹುಡುಗಿಯತ್ತ ನೋಡಿದರು. ಅವಳು ತಲೆ ತಗ್ಗಿಸಿ, ವಾರಕ್ಕೆ ಮೂರು ಬೆಳಿಗ್ಗೆ ತಾನೇ ಸಾರ್, ಹತ್ತಕ್ಕೆಲ್ಲ ಇಲ್ಲಿಗೆ ಬಂದುಬಿಡ್ತೀನಿ ಎಂದು ಮೆಲ್ಲಗೆ ಹೇಳಿದಳು. ಡಾಕ್ಟರಿಗೆ ಬೆಳಗಿನಿಂದ ಅದುಮಿಟ್ಟುಕೊಂಡಿದ್ದ ಕೋಪವೆಲ್ಲ ಉಕ್ಕಿತು. ಹದಿನಾಲ್ಕು ವರ್ಷ ದುಡಿದವರು ಯಾರು, ಹೇಳಿಕೊಟ್ಟವರು ಯಾರು, ಈ ಗೊಂಬೆಯನ್ನು ಅಳೆದು ಆರಿಸಿ ತಂದವರು ಯಾರು ಎಂದು ಒಂದೇ ಉಸಿರಿಗೆ ಕೇಳಿಬಿಡಲು ಎದೆ ತುಂಬ ಗಾಳಿ ಎಳೆದುಕೊಂಡರು.

ಆ ಗಾಳಿಯೊಂದಿಗೆ ಮೂಗಿಗೆ ಏನೋ ಹೋಯಿತು. ದೊಡ್ಡದೊಂದು ಸೀನು ಬಂತು.

ಸೀನಿನ ಸದ್ದು ಅಡಗುವ ಮೊದಲೇ ಡಾಕ್ಟರು ಮಂಚದ ಅಂಚು ಹಿಡಿದು, ಎದ್ದ ನಿಲುವಿನಿಂದ ಅರ್ಧಕ್ಕೆ, ಅರ್ಧದಿಂದ ಕಾಲಿಗೆ ಇಳಿದು ನಿಂತಿದ್ದರು. ಅಧ್ಯಕ್ಷೆ ಒಂದು ಕಡೆಯಿಂದ, ರಿಸೆಪ್ಷನಿಸ್ಟ್ ಒಂದು ಕಡೆಯಿಂದ ಹಿಡಿದು, ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು, ಅವರನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಕೋಟು ಸರಿದು ಸೊಂಟಪಟ್ಟಿ ಕಾಣಿಸಿತು. ಅಧ್ಯಕ್ಷೆ ಅದನ್ನು ಸ್ವಲ್ಪ ಹೊತ್ತು ನೋಡಿದರು. ಮುಖ ಮೃದುವಾಯಿತು.

“ಇದನ್ನ ಮೊದಲೇ ಹೇಳಬಾರದಾ?” ಎಂದರು. “ನೀವೂ ಸಂಘಕ್ಕೆ ಸೇರಿಬಿಡಿ. ನಿವೃತ್ತರೇ ಆಗಬೇಕು ಅಂತಿಲ್ಲ. ಕೆಲಸ ಇಲ್ಲದೋರನ್ನೂ ಸೇರಿಸ್ಕೋತೀವಿ.”

ಫೈಲಿನಿಂದ ಒಂದು ಅರ್ಜಿ ತೆಗೆದು ಡಾಕ್ಟರ ಎದೆಯ ಮೇಲಿಟ್ಟರು. ಆಮೇಲೆ ಗಡಿಯಾರ ನೋಡಿ, ಹೇಗಿದ್ದರೂ ಬಂದಿದ್ದೇನೆ, ಹೊಸ ಟೀಚರ ಪಾಠವನ್ನೂ ಒಮ್ಮೆ ನೋಡಿಯೇ ಹೋಗುತ್ತೇನೆ ಎಂದು ಕುರ್ಚಿ ಎಳೆದುಕೊಂಡು ಕೂತರು. ರಿಸೆಪ್ಷನಿಸ್ಟ್ ಸ್ಟೂಲನ್ನು ಮಂಚದ ಹತ್ತಿರಕ್ಕೆ ಸರಿಸಿ, ಡಾಕ್ಟರಿಗೆ ಚೆನ್ನಾಗಿ ಕಾಣುವ ಹಾಗೆ ಗಂಧಕಾಸುರನನ್ನು ಅದರ ಮೇಲೆ ಅಂಗಾತ ಮಲಗಿಸಿ, ಒಂದು ಮಂಡಿಯನ್ನು ಎದೆಯ ಕಡೆಗೆ ಮಡಚಿದಳು. ಬೋಳುತಲೆಯ ಆ ಮುಖ ಡಾಕ್ಟರತ್ತ ತಿರುಗಿ ನಗುತ್ತಿತ್ತು.

“ಎಲ್ಲಿ, ಇವನ ಹಾಗೇ ಮಾಡಿ ಸಾರ್,” ಎಂದಳು. “ಒಂದು…”